ಡಿಲನ್ ಕ್ರಿಸ್‌ಮಸ್ ಆಲ್ಬಂ: ಒಡೆದ ಗಂಟಲಲ್ಲಿ ಭಕ್ತಿಗೀತೆ ಕೇಳೋಕಾಗುತ್ತಾ?

ಹಳೇ ಟೇಪ್ ರೆಕಾರ್ಡರ್

ಎಲ್ರಿಗೂ ನಮಸ್ಕಾರ. ಡಿಸೆಂಬರ್ ಬಂತು ಅಂದ್ರೆ ನಮ್ಮನೇಲಿ ಒಂದು ಸಿಡಿ ಕಪಾಟಿಂದ ಹೊರಗೆ ಬರುತ್ತೆ, ಅಮೆರಿಕದ ಹಾಡುಗಾರ ಬಾಬ್ ಡಿಲನ್ 2009ರ ಅಕ್ಟೋಬರಲ್ಲಿ ತಂದ ‘ಕ್ರಿಸ್‌ಮಸ್ ಇನ್ ದ ಹಾರ್ಟ್’. ಒಟ್ಟು 15 ಹಾಡು, ಅದರಲ್ಲಿ ಸಾಂಟಾ ಕ್ಲಾಸ್, ಹಿಮ, ಗಂಟೆ, ಊರಿಗೆ ವಾಪಸ್ ಬರೋ ಆಸೆ ಇಂಥ ಜನಪ್ರಿಯ ಹಾಡುಗಳೂ ಇವೆ, ಇಗರ್ಜಿಯಲ್ಲಿ ಎದ್ದು ನಿಂತು ಹಾಡೋ ಹಳೇ ಕ್ಯಾರಲ್‌ಗಳೂ ಇವೆ. ಆಗ ಡಿಲನ್‌ಗೆ 68 ವರ್ಷ, ಗಂಟಲು ಪೂರ್ತಿ ಜಲ್ಲಿಕಲ್ಲು.

ಈ ಆಲ್ಬಂ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು "ಅದು ಡಿಲನ್ ಮಾಡಿದ ತಮಾಷೆ, ಜನ ಏನಂತಾರೆ ನೋಡೋಣ ಅಂತ ಮಾಡಿದ್ದು" ಅಂತ ಹೇಳೇ ಹೇಳ್ತಾರೆ. ನಾನು ಎಷ್ಟೋ ವರ್ಷದಿಂದ ಕೇಳ್ತಾ ಇದೀನಿ, ನಂಗೆ ಒಂದು ಕಡೆನೂ ತಮಾಷೆ ಕಂಡಿಲ್ಲ. ಪತ್ರಕರ್ತ ಬಿಲ್ ಫ್ಲಾನಗನ್ ಜೊತೆಗಿನ ಸಂದರ್ಶನದಲ್ಲಿ ಡಿಲನ್ನೇ ಇದನ್ನ ಹೇಳಿದ್ದಾರೆ, ಈ ಹಾಡುಗಳು ಜಾನಪದ ಹಾಡುಗಳ ಹಾಗೇ ನನ್ನ ಬದುಕಿನ ಭಾಗ, ಇವನ್ನ ನೇರವಾಗೇ ಹಾಡಬೇಕು, ಬೇರೆ ದಾರಿ ಇಲ್ಲ ಅನ್ನೋ ಅರ್ಥದಲ್ಲಿ. ಆ ಸಂದರ್ಶನ ಕೊಟ್ಟಿದ್ದು ಯಾರಿಗೆ ಗೊತ್ತಾ? ಮನೆಯಿಲ್ಲದವರು ರಸ್ತೆಯಲ್ಲಿ ನಿಂತು ಮಾರ್ತಾರಲ್ಲ, ಆ ಬೀದಿ ಪತ್ರಿಕೆಗಳಿಗೆ.

ನಾನು ಇಲ್ಲಿ ಮಾತಾಡ್ಬೇಕು ಅಂದ್ಕೊಂಡಿದ್ದು ಹಾಡುಗಳ ಕ್ರಮದ ಬಗ್ಗೆ. 1957ರಲ್ಲಿ ಎಲ್ವಿಸ್ ಪ್ರೆಸ್ಲಿ, ಫ್ರಾಂಕ್ ಸಿನಾತ್ರಾ ಇಬ್ರೂ ಕ್ರಿಸ್‌ಮಸ್ ಎಲ್‌ಪಿ ತಂದ್ರು. ಎರಡರಲ್ಲೂ ಒಂದೇ ಲೆಕ್ಕ, ಮೊದಲ ಮಗ್ಗುಲಲ್ಲಿ ಲೌಕಿಕ ಹಾಡು, ತಟ್ಟೆ ಮಗುಚಿದ್ರೆ ದೇವರ ಹಾಡು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ ಹಾಗೆ. ಡಿಲನ್ ಹಾಗೆ ಮಾಡ್ಲಿಲ್ಲ. ನಾಲ್ಕನೇದು ‘ಹಾರ್ಕ್ ದ ಹೆರಾಲ್ಡ್ ಏಂಜಲ್ಸ್ ಸಿಂಗ್’, ಅದು ಮುಗಿದ ತಕ್ಷಣ ಐದನೇದು ‘ಐ ವಿಲ್ ಬಿ ಹೋಮ್ ಫಾರ್ ಕ್ರಿಸ್‌ಮಸ್’, ಅಂದ್ರೆ 1943ರಲ್ಲಿ, ಯುದ್ಧದ ನಡುವೆ, ಊರಿಗೆ ಬರ್ತೀನಿ ಅಂತ ಸೈನಿಕ ಬರೆಯೋ ಪತ್ರದ ಹಾಡು. ದೇವದೂತರು ಹಾಡಿ ಮುಗಿಸಿದ ಮರುನಿಮಿಷ ಮನೆ ನೆನಪು. ಏಳನೇದು ‘ಕ್ರಿಸ್‌ಮಸ್ ಬ್ಲೂಸ್’, ಹಬ್ಬದ ದಿನ ಉಡುಗೊರೆ ಕೊಡೋಕೂ ಒಬ್ರಿಲ್ಲದ ಮನುಷ್ಯನ ಹಾಡು, ಅದರ ಬೆನ್ನಿಗೇ ಎಂಟನೇದು ‘ಓ ಕಮ್ ಆಲ್ ಯೀ ಫೇಯ್ತ್‌ಫುಲ್’, ಎಲ್ರೂ ಬನ್ನಿ ಅಂತ ಕರೆಯೋ ಹಾಡು. ಇದನ್ನ ಯೋಚನೆ ಮಾಡಿಯೇ ಜೋಡಿಸಿದ್ದಾರೆ ಅಂತ ನಂಗೆ ಅನ್ಸುತ್ತೆ, ಒಬ್ಬಂಟಿಯಾಗಿ ಕೂತೋನಿಗೆ ಪಕ್ಕದಲ್ಲೇ ಕರೆ ಬಂದ ಹಾಗೆ. ನಿಮಗೆಲ್ಲ ಏನನ್ಸುತ್ತೆ?

ಧಾರವಾಡ ಮಳಿ

ಟೇಪ್ ರೆಕಾರ್ಡರ್ ಅವರ, ನಿಮ್ಮ ಬರಹ ಛಲೋ ಐತಿ ಆದ್ರ ಆ ಧ್ವನಿ ಕೇಳಲಿಕ್ಕೆ ಆಗಂಗಿಲ್ಲ ಬಿಡ್ರಿ. ನಾನು ಡಿಲನ್‌ನ ಅರವತ್ತರ ದಶಕದ ಹಾಡು ಭಾಳ ಕೇಳೀನಿ, ಮನಸಿಗೆ ಹತ್ತಿರದವು. ಆದ್ರ ಇದರಾಗ ಹಿಂದ ಹಾಡೋ ಹೆಣ್ಮಕ್ಕಳು ಬೆಣ್ಣಿ ಹಂಗ ಹಾಡ್ತಾರ, ಮುಂದ ಈ ಮನುಷ್ಯಾಂದು ಬಂಡಿ ಗಾಲಿ ಎಣ್ಣಿ ಇಲ್ಲದ ತಿರುಗಿದಂಗ ಧ್ವನಿ. ದೇವರ ಹಾಡಿಗೆ ಸ್ವರ ಶುದ್ಧ ಇರಬೇಕು ಅನ್ನೋ ಮನಿಯಾಗ ಬೆಳದಾಂವ ನಾನು. ಸ್ವರ ನಿಲ್ಲದಿದ್ರ ಭಾವ ಎಲ್ಲಿಂದ ನಿಲ್ಲತೈತಿ?

ಹಳೇ ಟೇಪ್ ರೆಕಾರ್ಡರ್

ಸರ್, ನಿಮ್ಮ ಊರಿನವರೇ ಆದ ಗಂಗೂಬಾಯಿ ಹಾನಗಲ್ ಅವರನ್ನ ನೆನಪು ಮಾಡ್ಕೊಳ್ಳಿ. ಗಂಟಲಿಗೆ ಚಿಕಿತ್ಸೆ ಆದ್ಮೇಲೆ ಅವರ ಧ್ವನಿ ಗಂಡು ಧ್ವನಿ ಥರ ಆಯ್ತು, ಮೊದಲಿನ ಆ ಎಳೇ ಧ್ವನಿ ಹೋಯ್ತು, ಆದ್ರೆ ಜನ ಅವರ ಹತ್ರ ಬಂದಿದ್ದು ಆ ಧ್ವನಿಗೇ ಅಲ್ವಾ? ಒಪ್ತೀನಿ, ಅವರ ಸ್ವರಜ್ಞಾನ ಬೇರೆ ಮಟ್ಟದ್ದು, ನಾನು ಹೋಲಿಸ್ತಿರೋದು ಅದನ್ನಲ್ಲ. ಗಂಟಲು ಬದಲಾದ್ಮೇಲೂ ಅದೇ ಗಂಟಲಲ್ಲಿ ಪೂರ್ತಿ ಹಾಡೋದು ಅನ್ನೋದೊಂದಿದೆಯಲ್ಲ, ಅದನ್ನ ಹೇಳ್ತಿರೋದು.

ಆ ಹಿಂದಿನ ಗಾಯನದ ಬಗ್ಗೆ ನೀವು ಹೇಳಿದ್ದು ನಿಜ, ಅದು ಐವತ್ತರ ದಶಕದ ಅಮೆರಿಕನ್ ರೇಡಿಯೋ ಶೈಲಿ, ನಯವಾಗಿ ಇಸ್ತ್ರಿ ಮಾಡಿದ ಹಾಗೆ. ಡಿಲನ್ ಚಿಕ್ಕ ಹುಡುಗ ಆಗಿದ್ದಾಗ ಕ್ರಿಸ್‌ಮಸ್ ಅಂದ್ರೆ ಕಿವಿಗೆ ಬೀಳ್ತಿದ್ದದ್ದು ಅದೇ ಥರದ್ದು. ಆ ಹಳೇ ಸದ್ದನ್ನ ಹಾಗೇ ಇಟ್ಟು ಅದರ ಮುಂದೆ ತನ್ನ ಈಗಿನ ಗಂಟಲನ್ನ ತಂದು ನಿಲ್ಲಿಸಿದ್ದಾರೆ. ನಂಗೆ ಅದು ಹಳೇ ಮನೆ ಫೋಟೋ ಪಕ್ಕ ಮುದುಕ ಆದ ಮಗ ನಿಂತ ಹಾಗೆ ಕೇಳ್ಸುತ್ತೆ.

ರಾತ್ರಿ ಪಾಳಿ

ನಂದೊಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಡಿಲನ್ ಹುಟ್ಟಿದ್ದು ಯಹೂದಿ ಕುಟುಂಬದಲ್ಲಿ, ಮೂಲ ಹೆಸರು ರಾಬರ್ಟ್ ಜಿಮ್ಮರ್‌ಮನ್. ಆಮೇಲೆ ಎಪ್ಪತ್ತರ ದಶಕದ ಕೊನೇಲಿ ಕ್ರೈಸ್ತ ಆದ್ರು, 1979ರಿಂದ 81ರವರೆಗೆ ಮೂರು ಆಲ್ಬಂನಲ್ಲಿ ಹೆಚ್ಚಾಗಿ ಅದೇ. ಆಮೇಲೆ ಅದೂ ನಿಂತಿತು. ಹೀಗಿರುವಾಗ ಈ ಕ್ಯಾರಲ್ಸ್ ಹಾಡೋದು ನಂಬಿಕೆಯಿಂದಾನಾ ಅಥವಾ ಮಾರುಕಟ್ಟೆಗಾ? ಅಮೆರಿಕದಲ್ಲಿ ಕ್ರಿಸ್‌ಮಸ್ ಆಲ್ಬಂ ಅಂದ್ರೆ ದೊಡ್ಡ ವ್ಯಾಪಾರ ಅಲ್ವಾ.

ಮಿನ್ನೆಸೋಟಾ ಮಂಜು

ರಾತ್ರಿ ಪಾಳಿ ಅವರೇ, ದುಡ್ಡಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಈ ಆಲ್ಬಂನಿಂದ ಅಮೆರಿಕದಲ್ಲಿ ಬರೋ ಡಿಲನ್ ಪಾಲಿನ ರಾಯಲ್ಟಿ ಎಲ್ಲಾ ಫೀಡಿಂಗ್ ಅಮೆರಿಕಾ ಅನ್ನೋ, ಹಸಿದವರಿಗೆ ಊಟ ಒದಗಿಸೋ ಸಂಸ್ಥೆಗೆ, ಒಂದು ವರ್ಷಕ್ಕಲ್ಲ, ಶಾಶ್ವತವಾಗಿ. ಹೊರದೇಶದ್ದು ಮನೆಯಿಲ್ಲದವರಿಗೆ ನೆರವಾಗೋ ಬ್ರಿಟನ್ನಿನ ಕ್ರೈಸಿಸ್ ಅನ್ನೋ ಸಂಸ್ಥೆ ಮತ್ತೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ. ಆ ವರ್ಷದ ಹಬ್ಬದ ಸಮಯದಲ್ಲೇ ಅಮೆರಿಕದ 14 ಲಕ್ಷ ಜನಕ್ಕೆ 40 ಲಕ್ಷಕ್ಕಿಂತ ಹೆಚ್ಚು ಊಟ ಅಂತ ಘೋಷಣೆ ಆಗಿತ್ತು. 2008ರ ಆರ್ಥಿಕ ಕುಸಿತ ಆಗಿ ಜನ ಕೆಲಸ ಕಳ್ಕೊಂಡಿದ್ದ ಟೈಮ್ ಅದು. ನಾನು ಆಗಷ್ಟೇ ಇಲ್ಲಿಗೆ ಬಂದಿದ್ದೆ, ನಮ್ಮ ಅಪಾರ್ಟ್‌ಮೆಂಟ್ ಹತ್ರ ಒಂದು ಚರ್ಚ್ ಹಿಂಬದಿ ಬಾಗಿಲಲ್ಲಿ ದವಸ ಡಬ್ಬಿ ಹಂಚೋರು, ಚಳೀಲಿ ಜನ ಕೈಗೆ ಗ್ಲೌಸ್ ಹಾಕ್ಕೊಂಡು, ಮಕ್ಕಳನ್ನ ಕಾರಲ್ಲೇ ಕೂರ್ಸಿ, ಸಾಲಲ್ಲಿ ನಿಂತಿರೋರು. ಯಾರೂ ಯಾರ ಮುಖನೂ ನೋಡ್ತಿರ್ಲಿಲ್ಲ. ನಂಗೆ ಈ ಆಲ್ಬಂ ಅಂದ್ರೆ ಆ ಸಾಲು ಕಣ್ಣಿಗೆ ಬರುತ್ತೆ.

ಇನ್ನು ಯಹೂದಿ ಹುಡುಗನಿಗೆ ಕ್ರಿಸ್‌ಮಸ್ ಎಲ್ಲಿಂದ ಬಂತು ಅಂದ್ರೆ, ಡಿಲನ್ ಹುಟ್ಟಿದ್ದು 1941ರಲ್ಲಿ ನಾನಿರೋ ಇದೇ ಮಿನ್ನೆಸೋಟಾ ರಾಜ್ಯದ ಡುಲೂತಲ್ಲಿ, ಬೆಳೆದಿದ್ದು ಹಿಬ್ಬಿಂಗಲ್ಲಿ. ಕಬ್ಬಿಣದ ಅದಿರಿನ ಊರು ಅದು, ಊರ ಪಕ್ಕದಲ್ಲೇ ಕಣ್ಣು ಹಾಯೋಷ್ಟು ದೂರ ಅಗೆದ ಗಣಿ, ನಾನು ಒಂದ್ಸಲ ಹೋಗಿ ನೋಡಿದೀನಿ. ಫಿನ್‌ಲ್ಯಾಂಡ್, ಇಟಲಿ, ಸ್ಲೊವೇನಿಯಾ, ಕ್ರೊಯೇಷಿಯಾ ಎಲ್ಲಾ ಕಡೆಯಿಂದ ಗಣಿ ಕೆಲಸಕ್ಕೆ ಬಂದ ಜನ. ಆ ಸಂದರ್ಶನದಲ್ಲಿ ಅವರು ಹೇಳೋದು ಇದನ್ನೇ: ಬೇಕಾದಷ್ಟು ಹಿಮ, ಮನೆಮನೆಗೆ ಬರೋ ಕ್ಯಾರಲ್ ತಂಡ, ಬೀದೀಲಿ ಜಾರುಬಂಡಿ, ಊರ ಗಂಟೆ, ಯೇಸು ಜನನದ ನಾಟಕ. ಇಲ್ಲಿ ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಹೊರಗೆ ಮೈನಸ್ 20. ಅಂಥ ಕಡೆ ಯಾರೋ ಬಾಗಿಲಿಗೆ ಬಂದು ಹಾಡಿದ್ರೆ, ಆ ಮನೆ ಹುಡುಗ ಯಾವ ಧರ್ಮದೋನಾದ್ರೂ ಮರೀತಾನಾ?

ನಂಬಿಕೆ ಬಗ್ಗೆನೂ ನೇರವಾಗೇ ಕೇಳಿದ್ರು. ಕೊನೇ ಹಾಡನ್ನ ನಿಜವಾದ ಭಕ್ತನ ಥರ ಹಾಡಿದ್ದೀರಿ ಅಂದಿದ್ದಕ್ಕೆ, ನಾನು ನಿಜವಾದ ಭಕ್ತನೇ ಅಂದ್ರು ಅಷ್ಟೆ.

ಕಾಗದದ ದೋಣಿ

ಮಂಜು ಅವರ ಮಾತಿಗೆ ಒಂದು ಸೇರಿಸ್ತೀನಿ. ಅಮೆರಿಕದ ಕ್ರಿಸ್‌ಮಸ್ ಹಾಡುಗಳಲ್ಲಿ ಎಷ್ಟೊಂದು ಯಹೂದಿಗಳು ಬರೆದಿದ್ದು ಅಂತ ನೋಡಿದ್ರೆ ರಾತ್ರಿ ಪಾಳಿ ಅವರ ಪ್ರಶ್ನೆಯ ರೂಪವೇ ಬದಲಾಗುತ್ತೆ. ‘ವೈಟ್ ಕ್ರಿಸ್‌ಮಸ್’ ಇರ್ವಿಂಗ್ ಬರ್ಲಿನ್ ಬರೆದಿದ್ದು ಅಂತ ಎಲ್ರಿಗೂ ಗೊತ್ತು, ಅದು ಈ ಆಲ್ಬಂನಲ್ಲಿಲ್ಲ. ಇಲ್ಲಿರೋ ‘ಸಿಲ್ವರ್ ಬೆಲ್ಸ್’ ಜೇ ಲಿವಿಂಗ್‌ಸ್ಟನ್, ರೇ ಇವಾನ್ಸ್ ಜೋಡಿದು, ‘ಕ್ರಿಸ್‌ಮಸ್ ಸಾಂಗ್’ನ ಮೆಲ್ ಟಾರ್ಮೇ, ‘ಕ್ರಿಸ್‌ಮಸ್ ಬ್ಲೂಸ್’ನ ಸ್ಯಾಮಿ ಕಾನ್, ಎಲ್ಲಾ ಯಹೂದಿಗಳೇ. ಟಾರ್ಮೇ, ಬಾಬ್ ವೆಲ್ಸ್ ಸೇರಿ ಬೆಂಕಿ, ಚಳಿ ಅಂತೆಲ್ಲ ಬರೆದಿದ್ದು ಕ್ಯಾಲಿಫೋರ್ನಿಯಾದ ಬೇಸಿಗೆ ಸೆಕೇಲಿ, 1945ರಲ್ಲಿ, ತಂಪು ನೆನೆಸ್ಕೊಂಡಾದ್ರೂ ಮೈ ತಂಪಾಗ್ಲಿ ಅಂತ.

ಇನ್ನೊಂದು ಇದೆ, ನಂಗೆ ತುಂಬ ಇಷ್ಟ. ‘ಹಾರ್ಕ್ ದ ಹೆರಾಲ್ಡ್’ ಪದ್ಯ ಚಾರ್ಲ್ಸ್ ವೆಸ್ಲಿದು, 1739ರದ್ದು. ಈಗ ಹಾಡೋ ಧಾಟಿ ಜರ್ಮನ್ ಸಂಗೀತಗಾರ ಮೆಂಡೆಲ್ಸನ್‌ದು, ಅವರೂ ಯಹೂದಿ ಮನೆತನದಲ್ಲಿ ಹುಟ್ಟಿ ಆಮೇಲೆ ದೀಕ್ಷಾಸ್ನಾನ ಪಡೆದವರು. ಆ ಧಾಟಿ ಮಾಡಿದ್ದು ಕ್ರಿಸ್‌ಮಸ್‌ಗಲ್ಲ, ಗುಟೆನ್‌ಬರ್ಗ್ ಮುದ್ರಣದ 400 ವರ್ಷದ ಸಂಭ್ರಮಕ್ಕೆ, 1840ರಲ್ಲಿ. ಅಚ್ಚಿನ ಮೊಳೆಗೆ ಮಾಡಿದ ಹಾಡನ್ನ 1855ರಲ್ಲಿ ಇಂಗ್ಲೆಂಡಿನ ವಿಲಿಯಂ ಕಮ್ಮಿಂಗ್ಸ್ ವೆಸ್ಲಿ ಪದ್ಯಕ್ಕೆ ಹೊಂದಿಸಿದ್ರು. ಹಾಗಾಗಿ ಯಾವುದು ಶುದ್ಧ ದೇವರ ಹಾಡು, ಯಾವುದು ಲೋಕದ ಹಾಡು ಅಂತ ಗೆರೆ ಎಳೆಯೋದೇ ಕಷ್ಟ.

ಹಳೇ ಟೇಪ್ ರೆಕಾರ್ಡರ್

ಕಾಗದದ ದೋಣಿ, ಇದಕ್ಕೇ ನಾನು ಬರೀಬೇಕು ಅಂದ್ಕೊಂಡಿದ್ದು! ಮೊದಲನೇ ಹಾಡು ನೋಡಿ, ‘ಹಿಯರ್ ಕಮ್ಸ್ ಸಾಂಟಾ ಕ್ಲಾಸ್’, 1947ರಲ್ಲಿ ಕೌಬಾಯ್ ಹಾಡುಗಾರ ಜೀನ್ ಆಟ್ರಿ ಹಾಡಿದ್ದು. ಎಲ್ರೂ ಇದನ್ನ ಮಕ್ಕಳ ಹಾಡು ಅಂತ ದಾಟಿ ಹೋಗ್ತಾರೆ. ಆದ್ರೆ ಕೊನೇ ಚರಣಗಳನ್ನ ಗಮನ ಇಟ್ಟು ಕೇಳಿ, ಬಡವ ಶ್ರೀಮಂತ ಅಂತ ಸಾಂಟಾ ನೋಡಲ್ಲ, ಎಲ್ರೂ ದೇವರ ಮಕ್ಕಳೇ ಅಂತಾನೆ ಆ ಹಾಡಲ್ಲಿ, ದೇವರಿಗೆ ಕೃತಜ್ಞತೆ ಹೇಳಿ ಮುಗಿಯುತ್ತೆ. ಅಂದ್ರೆ ಸಾಂಟಾ ಹಾಡಿನ ಹೊಟ್ಟೇಲೇ ಪ್ರಾರ್ಥನೆ ಇದೆ. ಬಡವರ ಊಟಕ್ಕೆ ಹೋಗೋ ಆಲ್ಬಂಗೆ ಅದನ್ನೇ ಬಾಗಿಲಿಗೆ ಇಟ್ಟಿದ್ದಾರೆ.

ಎರಡನೇದು ‘ಡು ಯು ಹಿಯರ್ ವಾಟ್ ಐ ಹಿಯರ್’, ಎಷ್ಟೋ ಜನ ಅದು ನೂರಾರು ವರ್ಷದ ಹಳೇ ಕ್ಯಾರಲ್ ಅಂದ್ಕೊಂಡಿದ್ದಾರೆ. ಅದು 1962ರ ಅಕ್ಟೋಬರದ್ದು, ಅಮೆರಿಕ, ಸೋವಿಯತ್ ನಡುವೆ ಅಣುಯುದ್ಧ ಆಗೇಬಿಡುತ್ತೇನೋ ಅನ್ನಿಸಿದ್ದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ದಿನಗಳಲ್ಲಿ ನೋಯಲ್ ರೆನ್ಯೇ, ಗ್ಲೋರಿಯಾ ಶೇನ್ ದಂಪತಿ ಬರೆದಿದ್ದು. ಎಲ್ಲಾ ಕಡೆ ಶಾಂತಿಗಾಗಿ ಪ್ರಾರ್ಥಿಸಿ ಅಂತ ರಾಜ ಹೇಳೋದು ಆ ಹೆದರಿಕೆಯಲ್ಲಿ ಬಂದ ಮಾತು. ಆ ಅಕ್ಟೋಬರಲ್ಲಿ ಡಿಲನ್‌ಗೆ 21, ನ್ಯೂಯಾರ್ಕಲ್ಲೇ ಇದ್ದ ಹುಡುಗ. ಅದನ್ನ 68ರಲ್ಲಿ ಹಾಡುವಾಗ ಅವರ ಧ್ವನಿ ಎಲ್ಲೂ ಅಬ್ಬರಿಸಲ್ಲ, ಪಕ್ಕದಲ್ಲಿ ಕೂತೋರಿಗೆ ಹೇಳಿದ ಹಾಗೆ ಇದೆ.

ಕುಸ್ವಾರ್ ಡಬ್ಬಿ

ಮಂಗಳೂರಿಂದ ಬರೆಯುದು. ಇಷ್ಟು ಓದಿದ ಮೇಲೆ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿಗಳ ಕೆಲಸ, ಅಮ್ಮ ಕಿಡ್ಯೊ ಮಾಡ್ಲಿಕ್ಕೆ ಹಿಟ್ಟನ್ನು ಫೋರ್ಕಿನ ಹಿಂಬದಿಗೆ ಒತ್ತಿ ಒತ್ತಿ ಸುರುಳಿ ಬಿಡಿಸ್ತಾ ಇದ್ರು, ನಾನು ಎಣ್ಣೆ ಹತ್ರ. ಫೋನಿನಲ್ಲಿ ಈ ಆಲ್ಬಂ ಹಾಕಿಟ್ಟಿದ್ದೆ. ಅಜ್ಜಿ ಹೊರಗೆ ಕುರ್ಚಿಯಲ್ಲಿ. ಅವರಿಗೆ 88, ಕಿವಿ ಸ್ವಲ್ಪ ಮಂದ.

ಎಂಟನೇ ಹಾಡು ಬಂತು. ಅದರಲ್ಲಿ ಮೊದಲ ಚರಣ ಡಿಲನ್ ಲ್ಯಾಟಿನಿನಲ್ಲೇ ಹಾಡುದು ಅಲ್ವಾ, ‘ಆದೆಸ್ತೆ ಫಿದೇಲೆಸ್’ ಅಂತ. ಅಜ್ಜಿ ತಲೆ ಎತ್ತಿದ್ರು. ಎರಡನೇ ಸಾಲಿಗೆ ಅವರೂ ಸೇರಿಕೊಂಡ್ರು, ಸಣ್ಣ ಸ್ವರದಲ್ಲಿ, ಒಂದು ಶಬ್ದ ತಪ್ಪದೆ. ನಾನು ಹುಟ್ಟಿದ ಮೇಲೆ ಅವರು ಲ್ಯಾಟಿನಿನಲ್ಲಿ ಹಾಡಿದ್ದು ನಾನು ಕೇಳಿಯೇ ಇಲ್ಲ. ಅರವತ್ತರ ದಶಕದಲ್ಲಿ ಎರಡನೇ ವ್ಯಾಟಿಕನ್ ಸಭೆ, ಅಂದ್ರೆ ಕ್ಯಾಥೊಲಿಕ್ ಧರ್ಮಸಭೆಯ ಮಹಾಸಭೆ ಆದ ನಂತರ ಬಲಿಪೂಜೆ ಎಲ್ಲ ನಮ್ಮ ಭಾಷೆಗೆ ಬಂತು, ಕೊಂಕಣಿಯಲ್ಲಿ, ಕನ್ನಡದಲ್ಲಿ. ಅದಕ್ಕೆ ಮೊದಲು ಅವರು ಇಗರ್ಜಿಯ ಗಾಯನ ಮಂಡಳಿಯಲ್ಲಿ ಇದ್ದದ್ದಂತೆ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹತ್ರ ನಿಂತು ಹಾಡುದು. ಹಾಡು ಇಂಗ್ಲಿಷಿಗೆ ತಿರುಗಿದಾಗ ಅಜ್ಜಿ ನಿಲ್ಲಿಸಿದ್ರು. ಆಮೇಲೆ ಕೇಳಿದ್ರು, "ಇವರು ಯಾರು, ಪ್ರಾಯ ಆದವರಲ್ವಾ? ಸ್ವರ ಹೋಗಿದೆ, ಪಾಪ, ಆದ್ರೂ ಬಿಡ್ಲಿಲ್ಲ ನೋಡು." ಮತ್ತೆ ಹಾಕು ಅಂದ್ರು. ಮೂರು ಸಲ ಹಾಕಿದೆ. ಎಣ್ಣೆಯಲ್ಲಿದ್ದ ಕಿಡ್ಯೊ ಒಂದು ಬ್ಯಾಚ್ ಕಪ್ಪಾಯ್ತು, ಅಮ್ಮ ಎಂತ ಹೇಳ್ಲಿಲ್ಲ.

ಧಾರವಾಡ ಮಳಿ ಅವರೇ, ನಿಮ್ಮ ಮಾತು ತಪ್ಪು ಅಂತ ನಾನು ಹೇಳುದಿಲ್ಲ, ಸ್ವರ ಹೋಗಿದೆ ಅಂತ ಅಜ್ಜಿಯೂ ಹೇಳಿದ್ರು. ಆದ್ರೆ ಅವರು ಕೇಳಿದ್ದು ಅದನ್ನಲ್ಲ.

ಧಾರವಾಡ ಮಳಿ

ಅಕ್ಕಾರ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನ ಕೂತೆ. ನಿಮ್ಮ ಅಜ್ಜಿಯವರಿಗೆ ನಮಸ್ಕಾರ ಹೇಳ್ರಿ. ಆ ಎಂಟನೇ ಹಾಡು ಇವತ್ತು ಪೂರ್ತಿ ಕೇಳತೀನಿ. ನಾನು ಅರ್ಧಕ್ಕ ಬಂದ್ ಮಾಡಿದ್ದೆ, ಖರೆ ಹೇಳತೀನಿ.

ರಾತ್ರಿ ಪಾಳಿ

ದುಡ್ಡಿನ ವಿಷಯದಲ್ಲಿ ನನ್ನ ಮಾತು ವಾಪಸ್ ತಗೋತೀನಿ, ನಂಗೆ ಗೊತ್ತಿರ್ಲಿಲ್ಲ. ಆದ್ರೆ ‘ಮಸ್ಟ್ ಬಿ ಸಾಂಟಾ’ ಬಗ್ಗೆ ಏನಂತೀರಿ? ಅದರ ವೀಡಿಯೋ ನೋಡಿದೀನಿ, ಉದ್ದ ಕೂದಲಿನ ವಿಗ್ ಹಾಕ್ಕೊಂಡು ಪಾರ್ಟೀಲಿ ಕುಣಿತಿದ್ದಾರೆ, ಹಾಡಲ್ಲಿ ಹಿಮಸಾರಂಗಗಳ ಹೆಸರಿನ ನಡುವೆ ಐಸೆನ್‌ಹೋವರ್, ಕೆನಡಿ, ನಿಕ್ಸನ್ ಅಂತ ಅಧ್ಯಕ್ಷರ ಹೆಸರು ತುರುಕಿದ್ದಾರೆ. ಅದು ಗಂಭೀರ ಅಂತೀರಾ?

ಮಿನ್ನೆಸೋಟಾ ಮಂಜು

ಗಂಭೀರ ಅಲ್ಲ, ಖುಷಿ! ಖುಷಿಗೂ ಅಣಕಕ್ಕೂ ವ್ಯತ್ಯಾಸ ಇದೆ ಅಲ್ವಾ. ಆ ಹಾಡನ್ನ ಮಿಚ್ ಮಿಲ್ಲರ್ 1960ರಲ್ಲಿ ಜನಪ್ರಿಯ ಮಾಡಿದ್ದು, ಡಿಲನ್ ತಗೊಂಡಿರೋದು ಟೆಕ್ಸಾಸಿನ ಬ್ರೇವ್ ಕಾಂಬೋ ಅನ್ನೋ ಪೋಲ್ಕಾ (ಯುರೋಪಿನ ಒಂದು ಕುಣಿತದ ಸಂಗೀತ) ತಂಡದ ಧಾಟಿ. ಅಕಾರ್ಡಿಯನ್ ನುಡಿಸಿರೋದು ಲಾಸ್ ಲೋಬೋಸ್ ತಂಡದ ಡೇವಿಡ್ ಹಿಡಾಲ್ಗೋ, ಏನ್ ಓಟ ಅಂತೀರಾ, ಉಸಿರು ತಗೊಳ್ಳೋಕೆ ಜಾಗ ಇಲ್ಲ, ಒಬ್ರು ಪ್ರಶ್ನೆ ಕೇಳೋದು ಎಲ್ರೂ ಉತ್ತರ ಕೂಗೋದು. ಇಲ್ಲಿನ ಗಣಿ ಊರುಗಳಲ್ಲಿ ಸ್ಲೊವೇನಿಯಾದವರು ತಂದ ಪೋಲ್ಕಾ ಈಗ್ಲೂ ಮದುವೆಗಳಲ್ಲಿ ಇರುತ್ತೆ. ನಮ್ಮ ಆಫೀಸಿನ ಒಬ್ಬ ಹಿರಿಯರು ಆ ಕಡೆಯವರು, ಅವರ ಮಗಳ ಮದುವೆಗೆ ಹೋಗಿದ್ದೆ, 80 ದಾಟಿದವರು ಅಕಾರ್ಡಿಯನ್ ಶುರುವಾದ ತಕ್ಷಣ ಕೋಲು ಕುರ್ಚಿಗೆ ಒರಗಿಸಿ ಎದ್ದು ಕುಣಿದ್ರು. ಹಾಗಾಗಿ ನಂಗೆ ಅದು ಊರ ಸದ್ದು ಅನ್ಸುತ್ತೆ, ಬೇರೆ ಏನೂ ಅಲ್ಲ.

ಹೊಸ ಕಿವಿ

ನಾನು ಡಿಲನ್ ಅಷ್ಟಾಗಿ ಕೇಳಿಲ್ಲ, ನೊಬೆಲ್ ಬಂದಾಗ ಹೆಸರು ಕೇಳಿದ್ದು. ಈ ಆಲ್ಬಂ ಮೊದಲಿಂದ ಕೇಳ್ಬೇಕಾ, ಯಾವ್ದಾದ್ರೂ ಒಂದು ಹಾಡಿಂದ ಶುರು ಮಾಡ್ಬಹುದಾ? ನನ್ನ ಹತ್ರ ಸುಮಾರಾದ ಇಯರ್‌ಫೋನ್ ಮಾತ್ರ ಇದೆ.

ಕಾಗದದ ದೋಣಿ

ಇಯರ್‌ಫೋನ್ ಸಾಕು. ‘ದ ಲಿಟಲ್ ಡ್ರಮ್ಮರ್ ಬಾಯ್’ ಇಂದ ಶುರು ಮಾಡಿ, ಆರನೇದು. ಕ್ಯಾಥರಿನ್ ಡೇವಿಸ್ ಅನ್ನೋ ಸಂಗೀತ ಟೀಚರ್ 1941ರಲ್ಲಿ ಬರೆದಿದ್ದು. ಕೊಡೋಕೆ ಏನೂ ಇಲ್ಲದ ಹುಡುಗ ಕೂಸಿನ ಮುಂದೆ ಡೋಲು ಬಾರಿಸೋ ಕತೆ. ಇಲ್ಲಿ ಡಿಲನ್ ಧ್ವನಿ ಇದ್ದಿದ್ರಲ್ಲಿ ಮೆತ್ತಗಿದೆ, ಡ್ರಮ್ ಕೂಡ ದೂರದಿಂದ ನಡೆದು ಬಂದ ಹಾಗೆ. ನಂಗೆ ಕೊಡೋಕೆ ಇರೋದು ಇಷ್ಟೇ ಅನ್ನೋ ಆ ಮಾತು, ಆ ಗಂಟಲಲ್ಲಿ ಬಂದಾಗ, ಹುಡುಗನ ಜಾಗದಲ್ಲಿ ಮುದುಕ ನಿಂತಿದ್ದಾನೆ ಅನ್ಸುತ್ತೆ. ಅದು ಹಿಡಿಸಿದ್ರೆ ಮೊದಲಿಂದ ಕೇಳಿ, ಮಧ್ಯೆ ಹಾರಿಸ್ಬೇಡಿ.

ಹಳೇ ಟೇಪ್ ರೆಕಾರ್ಡರ್

ಆರನೇದು ನಂದೂ ಆಯ್ಕೆ. ಎಲ್ಲಾ ಹಾಡೂ ಒಂದೇ ಮಟ್ಟದಲ್ಲಿದೆ ಅಂತ ನಾನು ಹೇಳಲ್ಲ. ‘ಕ್ರಿಸ್‌ಮಸ್ ಐಲ್ಯಾಂಡ್’ ನಂಗೆ ಯಾವತ್ತೂ ಅಂಟಿಲ್ಲ, ‘ದ ಫಸ್ಟ್ ನೋಯೆಲ್’ನಲ್ಲಿ ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ನಿಜಕ್ಕೂ ಸೋಲುತ್ತೆ, ಆ ಧಾಟಿ ಮೇಲಕ್ಕೇ ಹತ್ತೋದು, ಬಚ್ಚಿಡೋಕೆ ಜಾಗ ಇಲ್ಲ. ಆದ್ರೆ ಅದನ್ನ ಯಂತ್ರದಲ್ಲಿ ತಿದ್ದೋದು ಏನೂ ದೊಡ್ಡ ಕೆಲಸ ಆಗಿರ್ಲಿಲ್ಲ. ಹಾಗೇ ಬಿಟ್ಟಿದ್ದಾರೆ. ನಿರ್ಮಾಪಕರಾಗಿ ಜ್ಯಾಕ್ ಫ್ರಾಸ್ಟ್ ಅಂತ ಹೆಸರಿದೆಯಲ್ಲ, ಅದು ಡಿಲನ್ನೇ, ಬೇರೆ ಯಾರೋ ಬಿಟ್ಟಿದ್ದಲ್ಲ. ನಮ್ಮಪ್ಪನಿಗೆ ಕೊನೇ ವರ್ಷಗಳಲ್ಲಿ ಧ್ವನಿ ಹೀಗೇ ಆಗಿತ್ತು, ಶನಿವಾರ ಭಜನೇಲಿ ಮೇಲಿನ ಸಾಲಿಗೆ ಹೋದಾಗ ಬರೀ ಗಾಳಿ ಬರೋದು, ನಾವು ಮಕ್ಕಳು ಆ ಸಾಲನ್ನ ಎತ್ಕೊಳ್ಳೋವರೆಗೂ ಅವರು ಬಾಯಿ ಮುಚ್ತಿರ್ಲಿಲ್ಲ, ಕಣ್ಣು ಮುಚ್ಕೊಂಡು ಹಾಡ್ತಾನೇ ಇರೋರು. ಅದಕ್ಕೇ ಇರ್ಬೇಕು, ಆ ಜಾಗ ಬಂದಾಗ ಈಗ್ಲೂ ನಾನು ಸಾಲು ಎತ್ಕೋತೀನಿ.

ಧಾರವಾಡ ಮಳಿ

ಕೇಳಿದೆ. ಎಂಟನೇದೂ ಕೇಳಿದೆ, ಹಂಗ ಬಿಟ್ಟೆ, ಕೊನೀದೂ ಬಂತು, ‘ಓ ಲಿಟಲ್ ಟೌನ್ ಆಫ್ ಬೆತ್ಲೆಹೆಮ್’. ಧ್ವನಿ ನನಗ ಈಗೂ ಸೇರಂಗಿಲ್ಲ, ಸುಳ್ಳು ಯಾಕ ಹೇಳಲಿ. ಆದ್ರ ಆ ಹಾಡಿನ ತುದಿಗೆ ಆಮೆನ್ ಅಂತಾನ ನೋಡ್ರಿ, ಅಲ್ಲಿ ಎಲ್ಲಾ ವಾದ್ಯ ನಿಲ್ಲಲಿಕ್ಕೆ ಬಂದಾವ, ಅದನ್ನ ಹಾಡಿದಂಗ ಇಲ್ಲ, ದಿನಾ ಊಟಕ್ಕ ಮೊದಲ ಅಂದು ರೂಢಿ ಇದ್ದವರು ಅಂದಂಗ ಐತಿ. ಅದನ್ನ ಹಿಂದ ಸರಿಸಿ ಎರಡ ಸಲ ಕೇಳಿದೆ. ಆ ಹಾಡು ಯಾರದು, ಯಾರಿಗಾದರೂ ಗೊತ್ತದನು?

ಕಾಗದದ ದೋಣಿ

ಫಿಲಿಪ್ಸ್ ಬ್ರೂಕ್ಸ್ ಅನ್ನೋ ಪಾದ್ರಿ. 1865ರಲ್ಲಿ, ಅಮೆರಿಕದ ಅಂತರ್ಯುದ್ಧ ಮುಗಿದ ವರ್ಷ, ಕ್ರಿಸ್‌ಮಸ್ ಹಿಂದಿನ ರಾತ್ರಿ ಬೆತ್ಲೆಹೆಮಲ್ಲಿ ಇದ್ರು. ಮೂರು ವರ್ಷ ಆದ್ಮೇಲೆ ಫಿಲಡೆಲ್ಫಿಯಾದಲ್ಲಿ ತಮ್ಮ ಚರ್ಚಿನ ಮಕ್ಕಳಿಗೋಸ್ಕರ ಬರೆದ್ರು, ಧಾಟಿ ಹಾಕಿದ್ದು ಅದೇ ಚರ್ಚಿನ ಆರ್ಗನ್ ವಾದಕ ಲೂಯಿಸ್ ರೆಡ್ನರ್.

ಕುಸ್ವಾರ್ ಡಬ್ಬಿ

ಅಜ್ಜಿಗೆ ನಿಮ್ಮ ನಮಸ್ಕಾರ ಹೇಳಿದೆ. ಧಾರವಾಡದಲ್ಲಿ ಮಳೆ ಉಂಟಾ ಕೇಳಿದ್ರು. ಇವತ್ತು ಸಂಜೆ ಮೇಲಿನ ಮನೆಯ ಮಕ್ಕಳು ಗೋದಲಿ ಕಟ್ಲಿಕ್ಕೆ ಹುಲ್ಲು ಕೇಳಿಕೊಂಡು ಬಂದಿದ್ರು, ಅಜ್ಜಿ ಅವರನ್ನು ಕೂರಿಸಿ ‘ಆದೆಸ್ತೆ ಫಿದೇಲೆಸ್’ ಮೊದಲ ಎರಡು ಸಾಲು ಕಲಿಸ್ತಾ ಇದ್ದಾರೆ. ಫೋನ್ ಅವರ ಕೈಯಲ್ಲೇ ಉಂಟು, ಇದು ಅಮ್ಮನ ಫೋನಿಂದ ಬರೆದದ್ದು.